ಶಹಾಪುರದಲ್ಲಿ ಮೇಲ್‌ಗೆ ಹೆಸರಿಡುವ ಮಾನಮ್ಮ

ಬೆಳಗಿನ ಐದೂವರೆ. ಶಹಾಪುರದ ಹಳೇ ಬಸ್ ನಿಲ್ದಾಣದ ಎದುರು ಮೊದಲು ಹೊತ್ತುವುದು ಉಸ್ಮಾನಸಾಬನ ಚಹಾದ ಒಲೆ, ಆಮೇಲೆ ತೆರೆಯುವುದು ಮಾನಮ್ಮನವರ ಆನ್‌ಲೈನ್ ಅರ್ಜಿ ಅಂಗಡಿಯ ಶಟರ್. ಕಂಪ್ಯೂಟರಿಗೆ ಊದುಬತ್ತಿ ತೋರಿಸಿ, ಕನ್ನಡಕ ಒರೆಸಿಕೊಂಡು ಅವರು ಕೂರುವಷ್ಟರಲ್ಲಿ ಬಾಗಿಲಲ್ಲಿ ಆರು ಜನ ನಿಂತಿದ್ದಾರೆ.

“ಹೊತ್ತು ಏರಿತಂದ್ರ ಸರ್ವರ್ ಒದೀತದ್ರಿ. ಈ ಹೊತ್ತಿನ್ಯಾಗಾದ್ರ ಆಕಳಿನಂಗ ಸುಮ್ಮ ನಿಂತು ಹಿಂಡಿಸ್ಕೋತದ” ಎನ್ನುತ್ತಾರೆ.

ಮೊದಲನೆಯವನು ರಾಮಸಮುದ್ರದ ತರುಣ. ಕಂಡಕ್ಟರ್ ಹುದ್ದೆಯ ಅರ್ಜಿ. ಮೇಲ್ ವಿಳಾಸ ಕೇಳಿದರೆ ನೆಲ ನೋಡುತ್ತಾನೆ. ಮಾನಮ್ಮ ಒತ್ತಾಯಿಸುವುದಿಲ್ಲ. “ನನಗ ಹೇಳಬ್ಯಾಡ. ಹೊರಗ ಹೋಗಿ ಉಸ್ಮಾನಸಾಬಗ ಜೋರಾಗಿ ಹೇಳಿ ಬಾ. ನಾಚಿಕಿ ಬರಲಿಲ್ಲಂದ್ರ ಅದನ್ನೇ ಹಾಕೂಣು” ಎನ್ನುತ್ತಾರೆ. ಹುಡುಗ ಹೋಗಿ “ಕಿಲಾಡಿ ಕಿಂಗ್ ನಂಬರ್ ಒನ್” ಎಂದು ಹೇಳಿ ಬರುತ್ತಾನೆ. ಹಿಂದಿನಿಂದಲೇ ಉಸ್ಮಾನಸಾಬನ ದನಿ: “ರಾಜಾ ಇದ್ದಾಂವಗ ಕಂಡಕ್ಟರ್ ನೌಕ್ರಿ ಯಾಕ ಬೇಕವ್ವಾ?” ಹುಡುಗ ತಾನಾಗಿಯೇ ಹತ್ತನೆಯ ತರಗತಿಯ ಅಂಕಪಟ್ಟಿ ತೆಗೆದು ಮುಂದಿಡುತ್ತಾನೆ. ಅದರಲ್ಲಿರುವ ಅಕ್ಷರಗಳಂತೆಯೇ ಹೊಸ ವಿಳಾಸ ತಯಾರಾಗುತ್ತದೆ.

ಹನ್ನೊಂದು ವರ್ಷಗಳಿಂದ ಮಾನಮ್ಮ ಮಾಡುತ್ತಿರುವ ಕೆಲಸ ಇದು. ಕಾಲುವೆಯಲ್ಲಿ ನೀರಿದ್ದಾಗ ದಿನಕ್ಕೆ ಎಂಟೋ ಹತ್ತೋ ಅರ್ಜಿ. ಹುಡುಗರು ಭತ್ತದ ನಾಟಿಯಲ್ಲಿರುತ್ತಾರೆ. ನೀರು ನಿಲ್ಲಿಸಿದ ವಾರವೇ ಅದು ನಲವತ್ತಕ್ಕೆ ಏರುತ್ತದೆ. ಹತ್ತು ಜನರಲ್ಲಿ ಆರು ಜನರ ವಿಳಾಸ ಬದಲಾಯಿಸುವಂಥದ್ದು. ಸಿಂಹ, ಹುಲಿ, ಡಾನ್, ರೌಡಿ ಅವರ ಅಂಗಡಿಗೆ ದಿನಾ ಬರುತ್ತಾರೆ. ಇಬ್ಬರು “ಹೃದಯ ಚೂರಾದವನು” ಒಂದೇ ದಿನ ಬಂದದ್ದೂ ಉಂಟು. ಹಳೆಯವನು ಯಾರೆಂದು ಇಬ್ಬರಲ್ಲೂ ಜಗಳವಾಯಿತು.

ಈ ಕಟ್ಟುನಿಟ್ಟು ಅವರು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಬಿ.ಎ. ಮುಗಿಸಿ ಯಾದಗಿರಿಗೆ ಟೈಪಿಂಗ್ ಕೆಲಸದ ಸಂದರ್ಶನಕ್ಕೆ ಹೋದಾಗ ಅವರ ಅರ್ಜಿಯಲ್ಲಿದ್ದದ್ದು ಚಿಕ್ಕಪ್ಪನ ಮಗ ಮಾಡಿಕೊಟ್ಟಿದ್ದ ವಿಳಾಸ: ಕ್ಯೂಟ್ ಮಾನು ಶಹಾಪುರದ ರಾಣಿ. “ಮೂರು ಮಂದಿ ಕುಂತಿದ್ರು. ಒಬ್ರು ಓದಿ ಇನ್ನೊಬ್ರಿಗಿ ಕೊಟ್ರು. ರಾಣಿಯವರ ಕುಂದ್ರಿ ಅಂದ್ರು. ಟೈಪಿಂಗ್ ಕೇಳಲೇ ಇಲ್ಲ. ವಾಪಸ್ ಬರೂಮುಂದ ಬಸ್ಸಿನ್ಯಾಗ ಸೀಟ್ ಖಾಲಿ ಇದ್ವು, ನಿಂತೇ ಬಂದೆ” ಎಂದು ಈಗ ನಗುತ್ತಲೇ ಹೇಳುತ್ತಾರೆ. ಅಂದು ನಗು ಬಂದಿರಲಿಲ್ಲ. ಎರಡು ವರ್ಷ ಯಾವ ಅರ್ಜಿಯನ್ನೂ ಹಾಕಲಿಲ್ಲ.

ಅವರ ಕೈಯಲ್ಲಿ ಹಾದುಹೋದ ಸಾವಿರಾರು ವಿಳಾಸಗಳಲ್ಲಿ ಅವರು ಇಂದಿಗೂ ನೆನೆದು ಮಾತಾಡುವುದು ದೋರನಹಳ್ಳಿಯ ದೇವಿಂದ್ರನ ವಿಳಾಸದ ಬಗ್ಗೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ದೇವಿಂದ್ರ ಓಡುತ್ತಲೇ ಬಂದ. ಐ.ಟಿ.ಐ. ಫಿಟ್ಟರ್ ಓದಿದವನು. ಯಾದಗಿರಿ ಹತ್ತಿರದ ಒಂದು ಕಾರ್ಖಾನೆಗೆ ಅರ್ಜಿ ಹಾಕಿದ್ದ. ಅಂದು ಹನ್ನೊಂದಕ್ಕೆ ಸಂದರ್ಶನ. ಕರೆಪತ್ರ ಎಲ್ಲರಿಗೂ ಮೇಲ್‌ನಲ್ಲಿ ಬಂದಿದೆ, ಅದರ ಪ್ರಿಂಟ್ ಇಲ್ಲದಿದ್ದರೆ ಗೇಟಿನ ಒಳಗೆ ಬಿಡುವುದಿಲ್ಲ ಎಂದು ಗೆಳೆಯ ರಾತ್ರಿ ಹೇಳಿದ್ದ. ದೇವಿಂದ್ರನಿಗೆ ಪಾಸ್‌ವರ್ಡ್ ಮರೆತಿತ್ತು. ವಿಳಾಸ ಯಾವುದೆಂದು ಕೇಳಿದರೆ ಚೀಟಿಯಲ್ಲಿ ಬರೆದುಕೊಟ್ಟ: ದೇವು ಲಾಲು 143.

“ಲಾಲು ಯಾರು?”

“ಲಾಲಮ್ಮ ಅಂತ್ರಿ ಅಕ್ಕ. ಕಾಲೇಜಿನ್ಯಾಗಿದ್ಲು. ಈಗ ಗುರುಮಠಕಲ್‌ಗಿ ಕೊಟ್ಟಾರ.”

ಪಾಸ್‌ವರ್ಡ್ ಬದಲಿಸಬೇಕಾದರೆ ಆರಂಕಿಯ ಗುಟ್ಟಿನ ಸಂಖ್ಯೆ ಒಂದು ಫೋನಿಗೆ ಹೋಗಬೇಕು. ಯಾವ ಫೋನು? ಆ ಮೇಲ್ ಮಾಡಿಸುವಾಗ ತನ್ನ ಬಳಿ ಫೋನಿಲ್ಲದ ಕಾರಣ ದೇವಿಂದ್ರ ಕೊಟ್ಟದ್ದು ಲಾಲಮ್ಮನ ನಂಬರು.

ಮಾನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಕಡೆ ಹುಡುಗನ ನೌಕರಿ, ಇನ್ನೊಂದು ಕಡೆ ಮದುವೆಯಾಗಿ ವರ್ಷ ತುಂಬದ ಹೆಣ್ಣುಮಗಳ ಸಂಸಾರ. ದೇವಿಂದ್ರ ತಾನೇ ಮಾತಾಡುತ್ತೇನೆಂದು ಕೈ ಚಾಚಿದ. “ನೀ ಬಾಯಿ ಬಿಟ್ಟಿ ಅಂದ್ರ ಇಬ್ರದೂ ಹೋಗ್ತದ. ಸುಮ್ಮ ಕುಂದ್ರು” ಎಂದು ತಾವೇ ನಂಬರು ಒತ್ತಿದರು.

ಎತ್ತಿಕೊಂಡದ್ದು ಲಾಲಮ್ಮನಲ್ಲ. “ಎವರು?” ಎಂದು ತೆಲುಗಿನಲ್ಲಿ ಗದರಿದ ದನಿ. ಸೊಸೆ ಹೊಸ ಫೋನ್ ಕೊಂಡ ಮೇಲೆ ಹಳೇ ಸಿಮ್ ಅತ್ತೆ ಅನ್ನಮ್ಮನ ಪಾಲಿಗೆ ಬಂದಿತ್ತು.

“ಶಹಾಪುರದ ಅರ್ಜಿ ಅಂಗಡಿಯಿಂದ್ರಿ ಅವ್ವಾರ. ನಿಮ್ಮ ಫೋನಿಗಿ ಒಂದು ನಂಬರ್ ಬರ್ತದ, ಅದನ್ನ ಓದಿ ಹೇಳ್ರಿ.”

“ನಂಬರ್ ಕೇಳೋರೆಲ್ಲ ಕಳ್ಳರಂತ ಪಂಚಾಯತ್ಯಾಗ ಹೇಳ್ಯಾರ.”

“ಖರೇ ಹೇಳ್ಯಾರ್ರಿ. ಬ್ಯಾಂಕಿಂದು ಅಂದ್ರ ನನಗೂ ಹೇಳಬ್ಯಾಡ್ರಿ. ಇದು ಒಬ್ಬ ಹುಡುಗನ ನೌಕ್ರಿದು. ನಿಮ್ಮ ನಂಬರ್ ತಪ್ಪಿ ಬರದಾನ.”

“ನಿನ್ನ ತವರು ಯಾವುದು?”

“ರಾಮಸಮುದ್ರರಿ. ಮಹಾದೇವಪ್ಪ ಮಾಸ್ತರ ಮಗಳು.”

“ಮಾಸ್ತರ ಮಗಳು ಅಂತಿ. ಸುಳ್ಳು ಹೇಳಲಿಕ್ಕಿಲ್ಲ. ಹೂಂ, ಕಳಸು.”

ಸಂಖ್ಯೆ ಹೋಯಿತು. ಅನ್ನಮ್ಮ ತಮಗೆ ಬಂದ ಭಾಷೆಯಲ್ಲಿ ಓದತೊಡಗಿದರು: “ರೆಂಡು... ಎನಿಮಿದಿ... ಸುನ್ನ...” ಮಾನಮ್ಮನ ಕೈ ನಿಂತಿತು. ಮುದುಕಿ ನಡುವೆಯೇ ಎಲೆಗೆ ಸುಣ್ಣ ಕೇಳುತ್ತಿದ್ದಾಳೆಂದು ತಿಳಿದು ಕಾದರು. ಮುಂದಿನ ಮೂರು ಅಂಕಿಗಳು ಬಂದವು. ಲೆಕ್ಕಕ್ಕೆ ಐದೇ ಆದವು.

“ಒಂದು ಕಡಿಮಿ ಬಿತ್ರಿ ಅವ್ವಾರ.”

“ಆರೂ ಹೇಳೀನಿ. ಸುನ್ನ ಬರಕೊಂಡಿ ಇಲ್ಲೋ?”

“ಸುಣ್ಣ ನೀವು ಎಲಿಗಿ ಕೇಳಿದ್ರಿ ಅಂತ ಬಿಟ್ಟೆ.”

“ನನಗ ಹಲ್ಲೇ ಇಲ್ಲ, ಎಲಿ ಎಲ್ಲಿ ತಿನ್ನಲಿ? ಸುನ್ನ ಅಂದ್ರ ಸೊನ್ನಿ, ತಂಗಿ.”

ಅಷ್ಟರಲ್ಲಿ ಆ ಸಂಖ್ಯೆಯ ವೇಳೆ ಮೀರಿತ್ತು. ಎರಡನೆಯ ಸಂಖ್ಯೆ ತರಿಸಿ, ಈ ಸಲ ಉಸ್ಮಾನಸಾಬನನ್ನೂ ಕರೆದು ಸಾಕ್ಷಿಗೆ ನಿಲ್ಲಿಸಿ, ಬೆರಳಲ್ಲಿ ಎಣಿಸಿ ಬರೆದುಕೊಂಡರು. ಮೇಲ್ ತೆರೆಯಿತು. ಕರೆಪತ್ರ ಮೂರು ದಿನದಿಂದ ಅಲ್ಲೇ ಕುಳಿತಿತ್ತು. ಪ್ರಿಂಟ್ ತೆಗೆದು ಕೊಟ್ಟ ಕೂಡಲೇ ದೇವಿಂದ್ರ ಹೊರಟ. ಮಾನಮ್ಮ ಅಂಗಿ ಹಿಡಿದು ಕೂರಿಸಿದರು. ದೇವಿಂದ್ರ ಎಂಬ ಹೆಸರು ಖಾಲಿ ಇರಲಿಲ್ಲ, ತಂದೆ ಅಂಬ್ರಪ್ಪನ ಹೆಸರು ಸೇರಿಸಿದರೂ ಇರಲಿಲ್ಲ. ಕೊನೆಗೆ ದೇವಿಂದ್ರ, ಡಾಟ್, ದೋರನಹಳ್ಳಿ ಸಿಕ್ಕಿತು. ಇನ್ನು ಮುಂದೆ ಈ ವಿಳಾಸಕ್ಕೆ ಬರೆಯಬೇಕೆಂದು ಕಾರ್ಖಾನೆಗೆ ಎರಡು ಸಾಲು ಕಳಿಸಿದ ಮೇಲೆಯೇ ಅವನಿಗೆ ಬಸ್ಸು.

ಸಂಜೆ ಬಂದು ವರದಿ ಒಪ್ಪಿಸಿದ. ಕರೆಪತ್ರದ ತಲೆಯ ಮೇಲೆ ಹಳೇ ವಿಳಾಸ ಅಚ್ಚಾಗಿತ್ತು, ಸಾಹೇಬರು ಲಾಲು ಯಾರೆಂದು ಕೇಳಿಯೇ ಬಿಟ್ಟರಂತೆ. “ನಮ್ಮ ಎತ್ತಿನ ಹೆಸರು ಅಂದೇರಿ ಅಕ್ಕ. ಎತ್ತಿನ ಮ್ಯಾಲ ಇಷ್ಟು ಪ್ರೀತಿ ಇದ್ದಾಂವ ಮಷೀನ್ ಚಲೋ ನೋಡ್ಕೋತಾನ ಅಂದ್ರು.” ಹದಿನೈದು ದಿನಕ್ಕೆ ನೇಮಕಾತಿ ಪತ್ರ ಹೊಸ ವಿಳಾಸಕ್ಕೆ ಬಂತು. ಹಳೆಯದನ್ನು ಮಾನಮ್ಮ ಅವನ ಕೈಯಿಂದಲೇ ಅಳಿಸಿಸಿದರು. ಅಳಿಸುವಾಗ ಅವನ ಬೆರಳು ಸ್ವಲ್ಪ ತಡೆಯಿತು. ಅವರು ಅವಸರ ಮಾಡಲಿಲ್ಲ.

ಕಥೆ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದರು. ಆದರೆ ಮಳೆಗಾಲ ಹಿಡಿದ ಮೇಲೆ ಒಂದು ದಿನ ಹಲ್ಲಿಲ್ಲದ ಅಜ್ಜಿಯೊಬ್ಬರು ಸೊಸೆಯ ಕೈಹಿಡಿದು ಅಂಗಡಿಯೊಳಗೆ ಬಂದರು. ಸೊಸೆಗೆ ಅಂಗನವಾಡಿ ಕೆಲಸದ ಅರ್ಜಿ ಹಾಕಬೇಕು, ಮೇಲ್ ಬೇಕು. ಹೆಸರು ಲಾಲಮ್ಮ ಎಂದಾಗ ಮಾನಮ್ಮ ಪರದೆಯಿಂದ ಕಣ್ಣೆತ್ತಿ ಇಬ್ಬರನ್ನೂ ನೋಡಿದರು. ಗಂಡನ ಹೆಸರು ಸೇರಿಸಬೇಕೇ ಎಂದು ಕೇಳಿದರೆ ಲಾಲಮ್ಮ ಅತ್ತೆಯ ಮುಖ ನೋಡಿದಳು. “ನೌಕ್ರಿ ಮಾಡಾಕಿ ಅಕಿ, ಅವನಲ್ಲ. ಅಕೀದೇ ಹಾಕು” ಎಂದರು ಅನ್ನಮ್ಮ.

ಲಾಲಮ್ಮ ಫೋಟೋ ತೆಗೆಸಲು ಪಕ್ಕದ ಅಂಗಡಿಗೆ ಹೋದಾಗ ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡರು.

“ಆ ಹುಡುಗಗ ನೌಕ್ರಿ ಹತ್ತಿತೇನು?”

“ಹತ್ತಿತ್ರಿ.”

“ಚಲೋ ಆತು. ನನ್ನ ಸೊಸಿ ನಂಬರ್ ಸುಮ್ಮಸುಮ್ಮನ ಯಾರೂ ತಪ್ಪಿ ಬರಿಯಂಗಿಲ್ಲ. ಮಾಸ್ತರ ಮಗಳೂ ಸುಳ್ಳು ಹೇಳ್ತಾಳಂತ ಅವತ್ತೇ ತಿಳೀತು.” ಸೆರಗಿನಿಂದ ಬಾಯಿ ಒರೆಸಿಕೊಂಡು ಅವರು ಬೀದಿಯ ಕಡೆ ನೋಡಿದರು. “ಮನ್ಯಾಗ ನಾ ಯಾರಿಗೂ ಹೇಳಿಲ್ಲ. ನೀನೂ ಹೇಳಬ್ಯಾಡ.”

ಆ ಹುಡುಗ, ಅತ್ತೆ, ಸೊಸೆ ಮೂವರ ನಿಜವಾದ ಹೆಸರುಗಳನ್ನೂ ಊರುಗಳನ್ನೂ ಮಾನಮ್ಮ ನಮಗೂ ಹೇಳಿಲ್ಲ. ಇಲ್ಲಿರುವವು ಅವರೇ ಇಟ್ಟುಕೊಟ್ಟವು. ಹೆಸರಿಡುವುದು ಅವರಿಗೆ ಹೊಸದೇನಲ್ಲ. ಅಂಗಡಿಗೆ ಬೋರ್ಡು ಹಾಕಿಸಬಾರದೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ, ಕಣ್ಣು ಪರದೆಯ ಮೇಲೆಯೇ ಇರುತ್ತದೆ.

“ನಾ ನೌಕ್ರಿ ಕೊಡಸಾಕಿ ಅಲ್ರಿ. ಅಲ್ಲಿ ಇಂಟರ್‌ವ್ಯೂ ಬಾಗಲದಾಗ ನಿಂತು ಹೆಸರು ಹಿಡಿದು ಕರೀತಾರಲ್ಲ, ಆಗ ನಮ್ಮ ಮಂದಿ ತಲಿ ಎತ್ತಿ ಹೌದ್ರಿ ಅನಬೇಕು. ಅಷ್ಟಾದ್ರ ನಂದು ಮುಗೀತು.”