ಎಡ ಅಂಗೈಯ ಲಿಂಗ

ಎಂಬತ್ತರ ದಶಕದ ಮೊದಲಲ್ಲಿ ನನ್ನ ಅತ್ತೆಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ನ್ಯಾಮತಿಯಿಂದ ಟ್ಯಾಕ್ಸಿ ಮಾಡಿಕೊಂಡು ಹೊನ್ನಾಳಿಗೆ ಕರೆದೊಯ್ದೆವು. ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಡಾಕ್ಟರು ಚೀಟಿಯ ಹಿಂಬದಿಯ ತುಂಬ ಸಣ್ಣ ಗೆರೆಗಳನ್ನೆಳೆದು, ಎಲ್ಲವನ್ನೂ ಹೊಡೆದುಹಾಕಿ ಎಂದು ಪೆನ್ಸಿಲ್ ಕೊಟ್ಟರು. ಈಗ ಇದೇ ಟೆಸ್ಟನ್ನು ಸ್ಕ್ರೀನ್ ಮೇಲೆ ಬೆರಳಾಡಿಸಿ ಮಾಡಿಸುತ್ತಾರಂತೆ. ಅತ್ತೆ ಬಲಗಡೆಯ ಗೆರೆಗಳನ್ನಷ್ಟೇ ಹೊಡೆದು, ಮುಗೀತು ಎಂದು ಪೆನ್ಸಿಲ್ ಕೆಳಗಿಟ್ಟರು.

ಗಂಡ ಔಷಧಿ ತರಲು ಹೋಗಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ತಿಳಿದ ಡಾಕ್ಟರು ಇಂಗ್ಲಿಷಿನಲ್ಲೇ ಹೇಳಿದರು: "ಫಾರ್ ಹರ್, ದ ಲೆಫ್ಟ್ ಸೈಡ್ ಡಸಂಟ್ ಎಕ್ಸಿಸ್ಟ್." ಕಣ್ಣು ಸರಿಯಾಗಿಯೇ ಇದೆ, ಎಡಭಾಗವೊಂದು ಇದೆ ಎಂಬುದೇ ಮಿದುಳಿಗೆ ಗೊತ್ತಾಗುತ್ತಿಲ್ಲ; ಬೇಕಾದ್ದನ್ನೆಲ್ಲ ಬಲಕ್ಕಿಡಿ, ಮನೆಯವರಿಗೂ ತಿಳಿಸಿ ಎಂದರು. ಗಂಡ ಬಂದು ಕೇಳಿದಾಗ, "ವೀಕ್ನೆಸ್ ಅಂತೆ" ಎಂದೆ.

ಮದುವೆಯಾಗಿ ಬಂದ ದಿನದಿಂದ ಅತ್ತೆ ನನ್ನನ್ನು ಶಿಲುಬೆಯ ಮುಂದೆ ಮೊಣಕಾಲೂರಿದವಳು ಎನ್ನುತ್ತಿದ್ದರು. ಅಡುಗೆಮನೆಗೆ ಕಾಲಿಡುವ ಮುಂಚೆ ಎರಡೆರಡು ಸಲ ಸ್ನಾನ ಮಾಡಿಸಿದ್ದರು. ಆನೆಸ್ಟ್ಲಿ, ನಾನು ಏನನ್ನೂ ಪ್ಲಾನ್ ಮಾಡಿರಲಿಲ್ಲ. ಸುಮ್ಮನಿದ್ದೆ, ಅಷ್ಟೇ.

ಲಿಂಗಪೂಜೆಯಾಗದೆ ಅತ್ತೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಲಿಂಗವನ್ನಿಡುವುದು ಎಡ ಅಂಗೈಯ ಮೇಲೆ. ಬೆಳಗ್ಗೆ ನಾನೇ ಕರಡಿಗೆಯಿಂದ ತೆಗೆದು, ಸತ್ತ ಕೈಯ ಬೆರಳು ಬಿಡಿಸಿ ಇಡುತ್ತಿದ್ದೆ. ಅವರು ಬಲಕ್ಕೇ ನೋಡುತ್ತಾ ಕೂರುತ್ತಿದ್ದರು.

"ನನ್ನ ಲಿಂಗ ಎಲ್ಲೈತೆ? ಕೊಡೇ ಕಳ್ಳಿ."

"ಕೈಯಾಗೇ ಐತಲ್ರೀ ಅತ್ತೆ."

ನಾನು ಆಡುತ್ತಿದ್ದ ಮಾತು ನಿಜ. ಆ ನಿಜ ಎಷ್ಟು ಸಿಹಿಯಾಗಿತ್ತು! ಗಂಡ ಬಂದು ಆ ಕೈಯನ್ನೇ ಎತ್ತಿ ತೋರಿಸಿದರೆ, ಅದು ನಿನ್ನ ಹೆಂಡತಿಯ ಕೈ ಎಂದು ಅತ್ತೆ ಮುಖ ತಿರುಗಿಸುತ್ತಿದ್ದರು. ಗಂಜಿ ಕೆನೆಗಟ್ಟುತ್ತಿತ್ತು. ಮಧ್ಯಾಹ್ನ ಗಂಡ ಅವರ ಹಣೆಗೆ ವಿಭೂತಿ ಒತ್ತಿ, ಗದರಿಸಿ ನಾಲ್ಕು ಚಮಚ ಕುಡಿಸುತ್ತಿದ್ದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಓಣಿಯೆಲ್ಲ ಒಪ್ಪಿಕೊಂಡಿತು. ಮೂರು ವಾರಗಳಲ್ಲಿ ಅತ್ತೆಯ ಬಳೆಗಳು ಮೊಣಕೈವರೆಗೂ ಜಾರತೊಡಗಿದವು.

ಆಮೇಲೆ ಸೊಕ್ಕೆಯಿಂದ ಗಂಡನ ಅಕ್ಕ ಬಂದರು, ಶಾಲೆಯ ಮೆಟ್ಟಿಲು ಹತ್ತದವರು. ಒಂದು ದಿನವಿಡೀ ತಾಯಿಯ ಪಕ್ಕ ಕೂತಿದ್ದರು. ತಟ್ಟೆಯ ಎಡಗಡೆಯ ರೊಟ್ಟಿ ಹಾಗೇ ಉಳಿದದ್ದನ್ನು ಕಂಡರು. ಮರುದಿನ ಲಿಂಗವನ್ನು ಬಲ ಅಂಗೈಗಿಟ್ಟರು. ಬಲಗೈಗೆ ಇಡೋದುಂಟಾ ಎಂದು ಗಂಡ ತಡೆದರು.

"ಅವ್ವಗೆ ಕಾಣೋ ಕಡೆ ಇಟ್ರೆ ಶಿವ ಸಿಟ್ಟಾಗಾಕಿಲ್ಲ, ಸುಮ್ಕಿರು."

ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಮಗುವಿನಂತೆ ಅತ್ತರು. ಅಕ್ಕ ನನ್ನತ್ತ ತಿರುಗಿದರು. "ಡಾಕ್ಟ್ರು ನಿನಗೇನೂ ಹೇಳ್ಲಿಲ್ವೇನೇ?"

"ವೀಕ್ನೆಸ್ ಅಂದ್ರು ಅಕ್ಕಾ."

ಬಲಗೈಯಲ್ಲಿ ಲಿಂಗವಿದ್ದ ಮೇಲೆ ಪತ್ರೆ ಏರಿಸಲು ಅವರಿಗೆ ಬೇರೆ ಕೈ ಇರಲಿಲ್ಲ. ಅಕ್ಕ ಊರಿಗೆ ಹೋದ ಮೇಲೆ ಆ ಕೈ ನನ್ನದಾಯಿತು. ಅತ್ತೆ ಬದುಕಿದ್ದ ಎರಡು ವರ್ಷವೂ ಪ್ರತಿ ಬೆಳಗ್ಗೆ ಅದೇ ಮಾತು. "ಏರ್ಸು ಕಳ್ಳಿ."

ನಾನು ಲಿಂಗ ಕದ್ದಿರಲಿಲ್ಲ. ಹಾಗೆನ್ನಬೇಕಾದರೆ ಡಾಕ್ಟರ ಆ ಒಂದು ಸೆಂಟೆನ್ಸನ್ನು ಕನ್ನಡದಲ್ಲಿ ಹೇಳಬೇಕಿತ್ತು. "ಏರಿಸಿದೆ ಅತ್ತೆ" ಎನ್ನುತ್ತಿದ್ದೆ.