ಟಿವಿಯಲ್ಲಿ ನನ್ನ ರೊಟ್ಟಿ

ಬಾಗಲಕೋಟೆ ಕಡೆಯ ನಮ್ಮೂರಲ್ಲಿ ನೀರು ಹುಡುಕಿಕೊಂಡು ನಾವು ಹೋಗುತ್ತಿದ್ದೆವು; ಮುಂಬೈಯ ನದಿಯಂಚಿನ ದಹಿಸರ್‌ನಲ್ಲಿ ನೀರೇ ನಮ್ಮನ್ನು ಹುಡುಕಿಕೊಂಡು ಬಂತು. ಮೊದಲ ಮಳೆಗಾಲದ ಒಂದು ಬೆಳಿಗ್ಗೆ ಮಂಚದಿಂದ ಕಾಲಿಳಿಸಿದರೆ ಮೊಣಕಾಲುದ್ದ ನೀರು, ಅದರಲ್ಲಿ ತೇಲುತ್ತಿರುವ ನನ್ನದೇ ಚಪ್ಪಲಿ! ಕಿರುಚಿಕೊಂಡೆ. ಪಕ್ಕದ ಖೋಲಿಯ, ಅಂದರೆ ಒಂದೇ ಕೋಣೆಯ ಮನೆಯ, ಸುನಂದಾತಾಯಿ ಮಾತ್ರ ಸೀರೆ ಎತ್ತಿಕಟ್ಟಿ ಸಾಮಾನು ಮೇಲೇರಿಸುತ್ತಿದ್ದರು.

ಇದು ನಾಲ್ಕನೆಯ ಮಳೆಗಾಲ. ಈಗ ನಾನೂ ಪಳಗಿದ್ದೇನೆ. ಮೊದಲು ಕಾಗದಪತ್ರ, ಆಮೇಲೆ ಅಕ್ಕ ಬಸ್ಸಿನಲ್ಲಿ ಕಳಿಸುವ ಖಡಕ್ ರೊಟ್ಟಿಯ ಗಂಟು ಅಟ್ಟ ಸೇರಬೇಕು. ತಿಂಗಳಾದರೂ ಕೆಡದ ರೊಟ್ಟಿ ಅದು. ಮೊನ್ನೆ ನೀರು ನುಗ್ಗಿ ಯಾರ ಮನೆಯಲ್ಲೂ ಒಲೆ ಹಚ್ಚಲಾಗಲಿಲ್ಲ. ಚಾಳಿನ ಹದಿನಾಲ್ಕು ಮನೆಗೂ ರೊಟ್ಟಿ, ಶೇಂಗಾ ಚಟ್ನಿ ಹಂಚಿದೆ. ಟಿವಿಯವರು ಬಂದು ಅದನ್ನು ಚಿತ್ರೀಕರಿಸಿಕೊಂಡು ಹೋದರು.

ಸಂಜೆ ಕರೆಂಟ್ ಬಂದಾಗ ಸುನಂದಾತಾಯಿಯ ಮನೆಯಲ್ಲಿ ಎಲ್ಲರೂ ಸೇರಿದೆವು. ಪರದೆಯ ಮೇಲೆ ನನ್ನ ಕೈ, ನನ್ನ ರೊಟ್ಟಿ. ಕೆಳಗೆ ‘ಇದೇ ಮುಂಬೈಕರರ ಎದೆಗಾರಿಕೆ’ ಎಂಬ ಸಾಲು. ಹಿಗ್ಗಿ ಹೋದೆ. ಮುಂದೆ ಹವಾಮಾನ ಬದಲಾವಣೆಯ ಚರ್ಚೆ. ಕೋಟು ತೊಟ್ಟವನೊಬ್ಬ ಗುಡುಗಿದ: ನೂರಾರು ವರ್ಷ ಹೊಗೆ ಉಗುಳಿದ ದೇಶಗಳು ಭಾರತಕ್ಕೆ ಬುದ್ಧಿ ಹೇಳುವುದೇ? ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೇ ಜೋರಾಗಿ. ಭಾರತೀಯಳಾಗುವುದು ಆಗ ಎಷ್ಟು ಸುಲಭವಿತ್ತು!

ಇನ್ನೊಬ್ಬ ಶುರುಮಾಡಿದ: ಹವಾಮಾನವೆಲ್ಲ ನೆಪ, ನದಿಯಂಚಿಗೆ ಬಂದು ಕೂತ ಹೊರಗಿನವರನ್ನು ಎಬ್ಬಿಸಿದರೆ ಊರು ಉಳಿಯುತ್ತದೆ. ಅವನು ಮಾತಾಡುವಾಗ ತೋರಿಸಿದ್ದು ನಮ್ಮದೇ ಗಲ್ಲಿ. ಮತ್ತೆ ಅದೇ ಕೈ, ಅದೇ ರೊಟ್ಟಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುನಂದಾತಾಯಿ ರಿಮೋಟ್ ಹುಡುಕತೊಡಗಿದರು.

ಮುಗಿಲೆತ್ತರದ ಟವರು ಕಟ್ಟಡಗಳಲ್ಲಿ ನೆಲಕ್ಕೆ ಫರ್ಶಿಕಲ್ಲು ಕೂರಿಸುವ ನನ್ನ ಗಂಡ ಬಸವರಾಜ ಉರಿದುಬಿದ್ದ. "ಹೊರಗಿನವ್ರು ಬ್ಯಾಡಂದ್ರ ಇವ್ರ ಮನಿ ಫರ್ಶಿ ಯಾರು ಹಾಕ್ತಾರ? ನಾಳೆ ಖೋಲಿ ಒಡದ್ರ ನಾವೆಲ್ಲಿಗೆ ಹೋಗೂದು?"

"ತೂ ಆಪಲೀಚ್ ಆಹೇಸ್," ನೀನು ನಮ್ಮವಳೇ ಎಂದು ಸುನಂದಾತಾಯಿ ನನ್ನ ಕೈ ಹಿಡಿದರು. ಅವರ ಖೋಲಿಯೂ ಅದೇ ನದಿಯಂಚಿನಲ್ಲಿದೆ. ಆದರೆ ಮರಾಠಿಯವರಾದ ಅವರನ್ನು ಯಾರೂ ಎಲ್ಲಿಯವರೆಂದು ಕೇಳುವುದಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಬಾಗಿಲ ಮುಂದಿನ ಕೆಸರು ಬಳಿದು ಹಾಕುತ್ತ ನಿಂತೆ.

ಅಷ್ಟರಲ್ಲಿ ಅಕ್ಕನ ಫೋನ್. ಯಾರೋ ಅವಳ ಮೊಬೈಲಿಗೆ ಟಿವಿಯಲ್ಲಿ ನಾನು ರೊಟ್ಟಿ ಹಂಚಿದ ಮೊದಲ ತುಣುಕನ್ನಷ್ಟೇ ಕಳಿಸಿದ್ದರು.

"ಏನವಾ, ಪಕ್ಕಾ ಮುಂಬೈದಾಕಿ ಆದೆಲ್ಲ!" ಎಂದು ನಕ್ಕಳು. ಉಳಿದರ್ಧ ಬಿಟ್ಟು ನಾನು ಮಾತು ತಿರುಗಿಸಿದೆ.

"ರೊಟ್ಟಿ ಖಾಲಿ ಆಗ್ಯಾವಕ್ಕ, ಕಳಸು," ಎಂದೆ.

"ಇರೋರು ಇಬ್ಬರು. ಎಷ್ಟು ಕಳಸ್ಲಿ?"

"ಹದಿನಾಕು ಮನಿ ಅದಾವ," ಎಂದೆ.