ಅವ್ವನ ಕಪ್ಪು ಐದು

ನಲವತ್ತಾರನೆಯ ವಯಸ್ಸಿನಲ್ಲಿ ಗಿಟಾರು ಕಲಿಯಲು ಹೊರಟ ನನಗೆ ಬೆರಳು ನೋವಿಗಿಂತ ಶಬ್ದಗಳ ಕಾಟವೇ ಹೆಚ್ಚಾಯಿತು. ಫೋನಿನಲ್ಲಿ ಪಾಠ ಹೇಳುವವನು ರೂಟ್ ನೋಟ್, ಆಕ್ಟೇವ್, ಕಾರ್ಡ್ ಎಂದು ಒಂದೇ ಸಮನೆ ಉದುರಿಸುತ್ತಿದ್ದ. ಶಿಗ್ಗಾವಿಯ ನಮ್ಮ ಮನೆಯಲ್ಲಿ ಅದನ್ನೆಲ್ಲ ಬಿಡಿಸಿ ಹೇಳಿದವಳು ಗಿಟಾರು ಮುಟ್ಟಿಯೂ ನೋಡದ ಅವ್ವ.

“ರೂಟ್ ನೋಟ್ ಅಂದ್ರ ನಮ್ಮ ಸಾ. ಆಕ್ಟೇವ್ ಅಂದ್ರ ಸಪ್ತಕ. ಇಷ್ಟಕ್ಕ ಅವ ಯಾಕ ಅಷ್ಟ ಒದರಾಕತ್ತಾನ?” ಎಂದಳು, ಮೆಂತೆ ಸೊಪ್ಪು ಸೋಸುತ್ತ. ಕಾರ್ಡ್ ಎಂದರೆ ಮೂರು ಸ್ವರ ಒಟ್ಟಿಗೆ ಎಂದೆ. “ಮೂರೂ ಒಮ್ಮೆಲೇ ಮಾತಾಡಿದ್ರ ಯಾವುದರದ್ದ ಕೇಳಬೇಕವಾ?” ಎಂದು ನಕ್ಕಳು.

ಅವ್ವ ನಲವತ್ತು ವರ್ಷ ಮಠದ ಸೋಮವಾರದ ಭಜನೆಯಲ್ಲಿ ಮುಂದೆ ಕುಳಿತು ಹಾಡಿದವಳು. ನಮ್ಮ ಕಡೆ ಶ್ರುತಿಗೆ ಪಟ್ಟಿ ಎನ್ನುತ್ತಾರೆ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಕಪ್ಪು, ಬಿಳಿ ಮನೆಗಳನ್ನು ಎಣಿಸಿ ಅದಕ್ಕೆ ಹೆಸರಿಡುತ್ತಾರೆ. ಅವ್ವನದು ಕಪ್ಪು ಐದು, ಅಂದರೆ ಐದನೆಯ ಕಪ್ಪು ಮನೆ. ಗಂಟಲಿನ ಆಪರೇಷನ್ ಆದಮೇಲೆ ದನಿ ಅಲ್ಲಿಗೆ ಏರಲಿಲ್ಲ. ಪಟ್ಟಿ ಇಳಿಸಿದರೆ ಸೋತಂತೆ ಎಂಬುದು ನಮ್ಮಲ್ಲಿ ಹಾಡುವವರ ಹಟ. ಇಳಿಸುವ ಬದಲು ಅವಳು ಹಾಡುವುದನ್ನೇ ಬಿಟ್ಟಳು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತು ತಾಳ ಹಾಕುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆಗ ಒಂದು ಕಳ್ಳಾಟ ಹೂಡಿದೆ. ಗಿಟಾರಿನ ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕ್ಲಿಪ್ಪಿಗೆ ಕೇಪೋ ಎನ್ನುತ್ತಾರೆ. ಅದನ್ನು ಒಂದೊಂದೇ ಮನೆ ಹಿಂದಕ್ಕೆ ಸರಿಸಿದರೆ ಪಟ್ಟಿ ಇಳಿಯುತ್ತದೆ, ಬೆರಳಿನ ಹಿಡಿತ ಅದೇ ಇರುತ್ತದೆ. ಮೂರನೇ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕತ್ತಿನ ಮೂರನೇ ಮನೆಗೆ ಹಾಕಿ ಜಿ ಕಾರ್ಡ್ ಹಿಡಿದರೆ ಅವ್ವನ ಕಪ್ಪು ಐದು. “ನನಗ ರೂಢಿ ಆಗ್ಲಿ, ಒಂದ್ ನುಡಿ ಹಾಡವಾ” ಎಂದು ಗೋಗರೆದೆ. ಹಾಡಿದಳು, ಏರಿನಲ್ಲಿ ದನಿ ಸೀಳಿತು. ಮುಂದಿನ ವಾರ ಎರಡನೇ ಫ್ರೆಟ್ಟು, ಆಮೇಲೆ ಒಂದನೆಯದು, ಕೊನೆಗೆ ಕ್ಲಿಪ್ಪನ್ನೇ ತೆಗೆದುಬಿಟ್ಟೆ. ದನಿ ಸಲೀಸಾಗಿ ಏರಿತು. “ನೋಡವಾ, ನಿನ್ನ ದನಿ ವಾಪಸ್ ಬಂತು” ಎಂದೆ. ಅವಳು ಒಳಗೆ ಹೋಗಿ ಚಹಕ್ಕೆ ಇಟ್ಟಳು.

ಆ ಸೋಮವಾರ ಸಂಜೆ ಮಠದಲ್ಲಿ ಅವ್ವ ಸೀದಾ ಮುಂದಿನ ಸಾಲಿಗೆ ಹೋಗಿ ಕುಳಿತಳು. ಹಾರ್ಮೋನಿಯಂ ಮಾಸ್ತರರು ಎಂದಿನಂತೆ ಕಪ್ಪು ಐದನ್ನೇ ಒತ್ತಿದರು. ಸುಳ್ಳು ಹೇಳಿ ಹೆತ್ತವಳನ್ನು ಹತ್ತು ಮಂದಿಯ ಎದುರು ತಂದು ಕೂರಿಸಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅವ್ವ ಹಾಡು ಎತ್ತಿಕೊಳ್ಳಲಿಲ್ಲ. ಕೈ ಎತ್ತಿದಳು.

“ಮಾಸ್ತರ, ಬಿಳಿ ಐದಕ್ಕ ಇಳಸ್ರಿ” ಎಂದಳು, ಎಲ್ಲರಿಗೂ ಕೇಳುವಂತೆ. “ನನ್ನ ಮಗಳು ನನಗ ಗೊತ್ತಾಗೂದಿಲ್ಲ ಅಂತ ತಿಳಕೊಂಡು, ವಾರಕ್ಕ ಒಂದೀಟ ಇಳಿಸಿ ಅಲ್ಲಿಗೆ ತಂದು ನಿಲ್ಲಿಸ್ಯಾಳ. ಇನ್ನ ಮ್ಯಾಲೆ ಅದ ನನ್ನ ಪಟ್ಟಿ.”

ಯಾರೂ ನಗಲಿಲ್ಲ. ಮಾಸ್ತರರು ಬಿಳಿ ಐದು ಹಿಡಿದರು, ಅವ್ವ ಮೊದಲ ನುಡಿ ಎತ್ತಿಕೊಂಡಳು. ಹಿಂದಿನ ಸಾಲಿನಲ್ಲಿದ್ದ ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎರಡು ಸುತ್ತು ತಾಳ ತಪ್ಪಿದೆ.